ಆರು ಮನೆ ಶ್ರುತಿಯ ಹಾಡು

ಇಂಗ್ಲೆಂಡಿನ ಡೀಪ್ ಪರ್ಪಲ್ ರಾಕ್ ತಂಡದ 'ಚೈಲ್ಡ್ ಇನ್ ಟೈಮ್' ಹಾಡನ್ನು ನಾನು ಮೊದಲು ಕೇಳಿದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಪಕ್ಕದ ರೂಮಿನ ಸೀನಿಯರ್ ಹತ್ತಿರ ಒಂದು ಕ್ಯಾಸೆಟ್ ಇತ್ತು. ಎಷ್ಟು ಕೈ ದಾಟಿ ಬಂದಿತ್ತೋ ಏನೋ, ಮೇಲೆ ಪೆನ್ನಿನಲ್ಲಿ ಬರೆದಿದ್ದ ಹೆಸರು ಅರ್ಧ ಅಳಿಸಿತ್ತು. ಅವತ್ತು ರಾತ್ರಿ ಕರೆಂಟ್ ಹೋಗಿತ್ತು. ಟೇಪ್ ರೆಕಾರ್ಡರಿಗೆ ಬ್ಯಾಟರಿ ಹಾಕಿ, "ಸುಮ್ನೆ ಕಣ್ಣು ಮುಚ್ಕೊಂಡು ಕೇಳು" ಅಂದರು.

ಆರ್ಗನ್ ಮೆಲ್ಲಗೆ ಶುರುವಾಯಿತು. ಹಾಡುವವನ ದನಿ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆಲ್ಲಗಿತ್ತು. ಸ್ವಲ್ಪ ಹೊತ್ತಿಗೆ ಪದಗಳೇ ನಿಂತುಹೋದವು. ಬರೀ 'ಊ' ಅನ್ನುವ ಒಂದು ಎಳೆ ಉಳಿಯಿತು. ಅದೇ ಎಳೆ ಒಂದು ಮೆಟ್ಟಿಲು ಹತ್ತಿ ತುಂಬು ದನಿಯಾಯಿತು. ಇನ್ನೂ ಹತ್ತಿತು. ಕೊನೆಗೆ ಅದು ಚೀರಾಟವೇ ಆಯಿತು. ಆದರೆ ಆ ಚೀರಾಟ ಎಲ್ಲೂ ಶ್ರುತಿ ಬಿಡಲಿಲ್ಲ. ನನ್ನ ಮೈ ಜುಮ್ಮೆಂದಿತು. ಹತ್ತು ನಿಮಿಷಕ್ಕೂ ಜಾಸ್ತಿಯ ಹಾಡು ಮುಗಿದಾಗ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಆ ದನಿ ಇಯಾನ್ ಗಿಲನ್ ಅವರದು. ಹುಟ್ಟಿದ್ದು 1945ರ ಆಗಸ್ಟ್‌ನಲ್ಲಿ. ಹಾಡು ಇರುವ ಆಲ್ಬಂ ಬಂದದ್ದು 1970ರ ಜೂನ್‌ನಲ್ಲಿ. ಅಂದರೆ ಅವರಿಗಾಗ ಇಪ್ಪತ್ತೈದು ಕೂಡ ತುಂಬಿರಲಿಲ್ಲ.

ಗಿಲನ್ ಈ ಹಾಡನ್ನು ವೇದಿಕೆಯಲ್ಲಿ ಹಾಡಿ ಎರಡು ದಶಕಗಳೇ ಆಗಿವೆ. 1995ರ ನಂತರ ಅದು ಅವರ ಕಛೇರಿಗಳಿಂದ ಹೆಚ್ಚುಕಮ್ಮಿ ಮಾಯವಾಯಿತು. 2002ರಲ್ಲಿ ಯುರೋಪಿನ ಕೆಲವು ಕಡೆ ಮತ್ತೆ ಹಾಡಿದರು, ಅಷ್ಟೇ. ತಂಡ ನಿಂತಿಲ್ಲ. 2024ರಲ್ಲೂ ಹೊಸ ಆಲ್ಬಂ ತಂದಿದ್ದಾರೆ, ಊರೂರು ಸುತ್ತುತ್ತಾರೆ. ಜನ ಆ ಹಾಡಿಗಾಗಿ ಕೂಗುವುದನ್ನೂ ನಿಲ್ಲಿಸಿಲ್ಲ. ಗಿಲನ್ ಮಾತ್ರ ಒಪ್ಪುವುದಿಲ್ಲ. ಕೆಟ್ಟದಾಗಿ ಹಾಡುವುದಕ್ಕಿಂತ ಹಾಡದೇ ಇರುವುದು ಮೇಲು ಅನ್ನುವ ಅರ್ಥದಲ್ಲಿ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಹುಡುಗನಾಗಿದ್ದಾಗ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಅವರದೇ ಹಾಡು, ಅವರದೇ ಗಂಟಲು, ಹಾಡೋಕೆ ಏನು ಕಷ್ಟ ಅಂದುಕೊಳ್ಳುತ್ತಿದ್ದೆ. ಇನ್ನೊಂದು ಹಳೆಯ ತಂಡದ ವಿಡಿಯೋ ನೋಡಿ, "ಇವರು ಇಷ್ಟೊತ್ತಿಗೆ ನಿಲ್ಲಿಸಬೇಕಿತ್ತು" ಅಂತ ಗೆಳೆಯರ ಮುಂದೆ ಜೋರಾಗಿ ಹೇಳಿದ್ದೂ ಉಂಟು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಈ ಬರಹಕ್ಕೆ ಒಂದು ಕಾರಣ ಅದು. ಇನ್ನೊಂದು ಕಾರಣ ನನ್ನ ಸೋದರತ್ತೆ.

ಅತ್ತೆ ಮೈಸೂರಿನಲ್ಲಿ ನಲವತ್ತು ವರ್ಷ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಟ್ಟವರು. ಹಾಸ್ಟೆಲಿನಲ್ಲಿದ್ದಾಗ ಭಾನುವಾರದ ಊಟ ಅವರ ಮನೆಯಲ್ಲೇ. ಆಗ ಅವರ ಶ್ರುತಿ ಐದೂವರೆ ಮನೆ. ಶ್ರುತಿ ಅಂದರೆ ಹಾಡುವವರು ತಮ್ಮ 'ಸ' ಇಟ್ಟುಕೊಳ್ಳುವ ಎತ್ತರ. ಅದನ್ನು ಹಾರ್ಮೋನಿಯಂ ಮನೆಗಳಲ್ಲಿ ಎಣಿಸುತ್ತಾರೆ, ಸಂಖ್ಯೆ ಇಳಿದಷ್ಟೂ ದನಿ ಕೆಳಗೆ. ಐವತ್ತೈದು ದಾಟಿದ ಮೇಲೆ ಐದಕ್ಕೆ ಇಳಿಸಿದರು. ಈಗ ವಯಸ್ಸು ಎಪ್ಪತ್ತೊಂದು, ಶ್ರುತಿ ನಾಲ್ಕೂವರೆ. ಇಳಿಸಿದ ದಿನ ಮನೆಯಲ್ಲಿ ಯಾರೂ ಅದನ್ನು ದೊಡ್ಡ ಸುದ್ದಿ ಮಾಡಲಿಲ್ಲ. ಶ್ರುತಿ ಪೆಟ್ಟಿಗೆಯ ತಿರುಪು ಸ್ವಲ್ಪ ತಿರುಗಿತು, ಪಾಠ ಮುಂದುವರಿಯಿತು. ಕಲ್ಯಾಣಿ ರಾಗ ಕಲ್ಯಾಣಿಯಾಗೇ ಇತ್ತು.

ನಮ್ಮ ಸಂಗೀತದಲ್ಲಿ 'ಸ' ಎಲ್ಲಿದೆ ಅನ್ನುವುದನ್ನು ಹಾಡುವವರು ತೀರ್ಮಾನಿಸುತ್ತಾರೆ. ಕೃತಿಗೆ ಅದರ ಗೊಡವೆ ಇಲ್ಲ. ರಾಕ್ ಹಾಡು ಹಾಗಲ್ಲ. ಅದು ಒಂದು ಜಾಗಕ್ಕೆ ಮೊಳೆ ಹೊಡೆದು ಕೂರಿಸಿದ ಹಾಗೆ. ಗಿಟಾರಿನಲ್ಲಿ ಬೆರಳು ಒತ್ತದೆ ಬಿಟ್ಟ ತಂತಿಗಳು ಯಾವ ಸ್ವರಕ್ಕೆ ಮೊಳಗುತ್ತವೆ ಅನ್ನುವುದರ ಮೇಲೆ ಎಷ್ಟೋ ಹಾಡುಗಳ ಗುಂಗೇ ನಿಂತಿದೆ. ಅದಕ್ಕಿಂತ ದೊಡ್ಡ ಮೊಳೆ ನಮ್ಮ ಕಿವಿಯಲ್ಲಿದೆ. ಒಂದೇ ರೆಕಾರ್ಡನ್ನು ಸಾವಿರ ಸಲ ಕೇಳಿರುತ್ತೇವೆ. ಅದು ಅದೇ ಎತ್ತರ, ಅದೇ ವೇಗ, ಅದೇ ಉಸಿರಲ್ಲಿ ಕಿವಿಯೊಳಗೆ ಅಚ್ಚಾಗಿರುತ್ತದೆ. ಹಾಗಾಗಿ ಎಪ್ಪತ್ತು ದಾಟಿದ ಗಾಯಕ ವೇದಿಕೆ ಹತ್ತಿದಾಗ ಎದುರಿಗೆ ಬರೀ ಜನ ಇರುವುದಿಲ್ಲ. ಇಪ್ಪತ್ತನಾಲ್ಕರ ತಾನೇ ಅಲ್ಲಿ ನಿಂತಿರುತ್ತಾನೆ. ಅವನಿಗೆ ವಯಸ್ಸಾಗುವುದಿಲ್ಲ, ನೆಗಡಿ ಬರುವುದಿಲ್ಲ, ನಿನ್ನೆ ರಾತ್ರಿ ಇನ್ನೊಂದು ಊರಿನಲ್ಲಿ ಎರಡು ಗಂಟೆ ಹಾಡಿ ಬಂದ ಸುಸ್ತೂ ಇರುವುದಿಲ್ಲ.

ಗಂಟಲಲ್ಲಿ ಆಗುವುದೇನು ಅಂತ ಒಂದಷ್ಟು ಓದಿದ್ದೇನೆ. ಧ್ವನಿತಂತುಗಳು ಎರಡು, ಗಂಡಸರಲ್ಲಿ ಎರಡು ಸೆಂಟಿಮೀಟರ್ ಆಸುಪಾಸಿನ ಉದ್ದ. ಮೇಲಿನ ಸ್ವರ ಬೇಕಾದರೆ ಅವನ್ನು ಎಳೆದು ತೆಳುವಾಗಿ ಬಿಗಿಯಬೇಕು, ಆಗ ಅವು ಬೇಗ ಬೇಗ ಬಡಿಯುತ್ತವೆ. ಆರು ಮನೆಯ ಮಧ್ಯ ಸ್ಥಾಯಿ ಷಡ್ಜ, ಅಂದರೆ ನಡುವಿನ 'ಸ', ಸೆಕೆಂಡಿಗೆ 220 ಬಡಿತ; ತಾರ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, 440. 'ಚೈಲ್ಡ್ ಇನ್ ಟೈಮ್' ಹಾಡಿನ ಆ ಏರಿಕೆ 440 ದಾಟಿ ಮೇಲಕ್ಕೆ ಹೋಗುತ್ತದೆ. ಅದೂ ಪೂರ್ತಿ ಜೋರಿನಲ್ಲಿ, ಒಂದಾದ ಮೇಲೊಂದು. ವಯಸ್ಸಾಗುತ್ತಾ ತಂತುವಿನ ಒಳಗಿನ ಸ್ನಾಯು ಸೊರಗುತ್ತದೆ. ಎರಡೂ ತಂತುಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ, ನಡುವೆ ಗಾಳಿ ಸೋರುತ್ತದೆ. ಸುತ್ತಲಿನ ಮೆದು ಎಲುಬು ಗಟ್ಟಿಯಾಗುತ್ತದೆ, ಎಳೆತಕ್ಕೆ ಬಗ್ಗುವುದಿಲ್ಲ. ಶ್ವಾಸಕೋಶದ ಬಿಗಿಯೂ ಕಮ್ಮಿಯಾಗುತ್ತದೆ. ದಿನಾ ಸಾಧನೆ ಮಾಡಿದರೆ ಇದನ್ನು ಸ್ವಲ್ಪ ಮುಂದೂಡಬಹುದು, ತಪ್ಪಿಸೋಕೆ ಆಗಲ್ಲ.

ಹಾಗಾದರೆ ಅಷ್ಟು ಎತ್ತರದಲ್ಲಿ ಯಾಕೆ ಕಟ್ಟಿದರು? ಇದನ್ನು ಯೋಚಿಸಿದಷ್ಟೂ ನನಗೆ ಆ ಹುಡುಗರ ಮೇಲೆ ಅಕ್ಕರೆ ಉಕ್ಕುತ್ತದೆ. 1969ರಲ್ಲಿ ಗಿಲನ್ ಮತ್ತು ಬಾಸ್ ನುಡಿಸುವ ರೋಜರ್ ಗ್ಲೋವರ್ ತಂಡಕ್ಕೆ ಆಗಷ್ಟೇ ಸೇರಿದ್ದರು. ಲಂಡನ್ನಿನ ಹ್ಯಾನ್‌ವೆಲ್ ಅನ್ನುವಲ್ಲಿ ಅಭ್ಯಾಸ ನಡೆಯುತ್ತಿತ್ತು. ಆರ್ಗನ್ ನುಡಿಸುವ ಜಾನ್ ಲಾರ್ಡ್ ಬೇರೊಂದು ತಂಡದ ಟ್ಯೂನನ್ನು ಸುಮ್ಮನೆ ಬಾರಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ 'ಇಟ್ಸ್ ಎ ಬ್ಯೂಟಿಫುಲ್ ಡೇ' ತಂಡದ ಪಿಟೀಲು ಟ್ಯೂನ್ ಅದು. ಅದರ ಹೆಸರು 'ಬಾಂಬೆ ಕಾಲಿಂಗ್'! ಗಿಲನ್ ಅದರ ಮೇಲೆ ತಮಗೆ ತೋಚಿದ್ದನ್ನು ಹಾಡತೊಡಗಿದರು. ಶೀತಲ ಸಮರದ ಭಯದ ಕಾಲ, ಆ ಭಯ ಪದಗಳಾಯಿತು. ಪದಕ್ಕೆ ಸಿಗದೇ ಉಳಿದದ್ದು ಚೀರಾಟವಾಯಿತು. ಮುಂಬೈ ಹೆಸರಿಟ್ಟುಕೊಂಡ ಒಂದು ಅಮೆರಿಕನ್ ಟ್ಯೂನು ಇಂಗ್ಲೆಂಡಿನಲ್ಲಿ ಹೀಗೆ ಬೇರೆಯೇ ಹಾಡಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ದೊಡ್ಡ ವಾದ್ಯಗೋಷ್ಠಿಯ ಜೊತೆ ಕಛೇರಿ ಕೊಟ್ಟಾಗ ಇದನ್ನೂ ಹಾಡಿದರು. ರೆಕಾರ್ಡ್ ಬರುವ ಮೊದಲೇ ಅದು ವೇದಿಕೆಯಲ್ಲಿ ಬೆಳೆದ ಹಾಡು.

ಇನ್ನೊಂದು ಕಾರಣವೂ ಇದ್ದೀತು ಅನ್ನಿಸುತ್ತದೆ. ಆ ಗದ್ದಲದಲ್ಲಿ ಕೆಳಗಿನ ದನಿ ಕೇಳುತ್ತಲೇ ಇರಲಿಲ್ಲ. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಈ ತಂಡದ ಸದ್ದು 117 ಡೆಸಿಬೆಲ್ ಮುಟ್ಟಿತ್ತು, ಕೇಳುಗರಲ್ಲಿ ಮೂವರು ಎಚ್ಚರ ತಪ್ಪಿದ್ದರು. ಜಗತ್ತಿನ ಅತಿ ಜೋರಿನ ತಂಡ ಅಂತ ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬಂತು. ರಿಚಿ ಬ್ಲ್ಯಾಕ್‌ಮೋರ್ ಗಿಟಾರು, ಲಾರ್ಡ್ ಆರ್ಗನ್ನು, ಇಯಾನ್ ಪೇಸ್ ಡ್ರಮ್ಮು. ಇವುಗಳ ನಡುವೆ ಮನುಷ್ಯನ ದನಿ ತೂರಿ ಬರಬೇಕಾದರೆ ಮೇಲಿಂದಲೇ ಬರಬೇಕು. ಸಂತೆಯಲ್ಲಿ ಮಗುವನ್ನು ಕರೆಯುವಾಗ ಅಮ್ಮನ ದನಿ ತಾನಾಗೇ ಮೇಲೇರುತ್ತದಲ್ಲ, ಹಾಗೆ.

ಆ ಹುಡುಗರು ಎಂಬತ್ತರ ವಯಸ್ಸಿನ ಲೆಕ್ಕ ಹಾಕಿರಲಿಲ್ಲ. ಯಾಕೆ ಹಾಕಬೇಕಿತ್ತು? ರಾಕ್ ಸಂಗೀತಕ್ಕೇ ಆಗ ಹದಿನೈದು ವರ್ಷ. ಆ ಸಂಗೀತ ಹಾಡಿಕೊಂಡು ಮುದುಕರಾದವರು ಅವರ ಕಣ್ಣೆದುರಿಗೆ ಒಬ್ಬರೂ ಇರಲಿಲ್ಲ. ನಮ್ಮಲ್ಲಾದರೆ ಮುಂದಿನ ಸಾಲಿನಲ್ಲಿ ಗುರುಗಳು ಕೂತಿರುತ್ತಾರೆ, ಅವರ ಗುರುಗಳ ಕತೆ ಗೊತ್ತಿರುತ್ತದೆ. ದನಿ ಇಳಿದ ಮೇಲೆ ಹೇಗೆ ಹಾಡಬೇಕು ಅನ್ನುವುದೂ ಪಾಠದ ಒಂದು ಭಾಗವೇ. ಇವರಿಗೆ ಹೇಳಿಕೊಡುವವರೇ ಇರಲಿಲ್ಲ. ಈಗ ನಾವು ನೋಡುತ್ತಿರುವುದು ಆ ದಾರಿಯಲ್ಲಿ ಮೊದಲು ಹೋಗುತ್ತಿರುವವರನ್ನು.

ಬರೀ ಗಂಟಲಿನ ಮಾತೂ ಅಲ್ಲ ಇದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಂದಾಗ ನಾನಿದ್ದೆ. ಭಾರತದಲ್ಲಿ ಅವರ ಮೊದಲ ಕಛೇರಿ. ಮೇಖ್ರಿ ಸರ್ಕಲ್‌ನಿಂದ ನಡೆದುಕೊಂಡೇ ಹೋಗಿದ್ದೆವು. ಡ್ರಮ್ಸ್ ಹಿಂದೆ ನಿಕೋ ಮೆಕ್‌ಬ್ರೇನ್, ಐವತ್ತನಾಲ್ಕು ವಯಸ್ಸು. ದೂರದಿಂದ ಮುಖ ಕಾಣುತ್ತಿರಲಿಲ್ಲ, ಪೆಟ್ಟು ಮಾತ್ರ ಎದೆಗೇ ಬಂದು ಬೀಳುತ್ತಿತ್ತು. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ದೇಹದ ಬಲಭಾಗ ಸ್ವಾಧೀನ ತಪ್ಪಿತ್ತು. ಕೆಲವೇ ತಿಂಗಳಲ್ಲಿ ಮತ್ತೆ ಡ್ರಮ್ಸ್ ಕೋಲು ಹಿಡಿದು ವೇದಿಕೆಗೆ ಬಂದರು. ಆದರೆ 1983ರ 'ದಿ ಟ್ರೂಪರ್' ಹಾಡಿನ ಆ ಸರಸರ ಉರುಳಿಕೆಗಳು ಬಲಗೈಗೆ ಬರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿಕೊಂಡರು. ಕೈಗೆ ಬರುವಂಥ ಬೇರೆ ಪೆಟ್ಟುಗಳನ್ನು ಹೊಂದಿಸಿಕೊಂಡು ಇಡೀ ಪ್ರವಾಸ ಮುಗಿಸಿದರು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ತಂಡದ ಜೊತೆಗಿನ ಕೊನೆಯ ಪ್ರವಾಸಕ್ಕೆ ವಿದಾಯ ಹೇಳಿದರು. ಅವತ್ತಿನ ವಿಡಿಯೋ ನೋಡುವಾಗ ನನ್ನ ಎದೆಯಲ್ಲಿ ಅರಮನೆ ಮೈದಾನದ ಅದೇ ಪೆಟ್ಟು ಕೇಳುತ್ತಿತ್ತು.

ಅದೇ ಮೈದಾನಕ್ಕೆ ಮೂರು ತಿಂಗಳಿಗೇ ಅಮೆರಿಕದ ಏರೋಸ್ಮಿತ್ ತಂಡ ಬಂತು. ಪರೀಕ್ಷೆ ಇತ್ತು, ನಾನು ಹೋಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. 1973ರ 'ಡ್ರೀಮ್ ಆನ್' ಹಾಡಿನ ಕೊನೆಯಲ್ಲಿ ಅವರ ಗಾಯಕ ಸ್ಟೀವನ್ ಟೈಲರ್ ಏರುವ ಆ ಎತ್ತರವನ್ನು ಕಿವಿಯಾರೆ ಕೇಳುವ ಅವಕಾಶ ಮತ್ತೆ ಬರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಹತ್ತಿರದ ಒಂದು ಕಛೇರಿಯಲ್ಲಿ ಅವರ ಗಂಟಲಿಗೆ ಏಟಾಯಿತು, ಧ್ವನಿಪೆಟ್ಟಿಗೆಯೇ ಬಿರುಕು ಬಿಟ್ಟಿತ್ತು. ಮುಂದಿನ ಆಗಸ್ಟ್‌ನಲ್ಲಿ ತಂಡ ಇನ್ನು ಪ್ರವಾಸ ಮಾಡುವುದಿಲ್ಲ ಅಂತ ತಿಳಿಸಿತು.

ಕೆಲವರು ಹಾಡನ್ನೇ ಕೆಳಗಿಳಿಸುತ್ತಾರೆ. 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ತಂಡ ಅರಮನೆ ಮೈದಾನದಲ್ಲಿ ನುಡಿಸಿದಾಗ ಗಿಟಾರುಗಳು ರೆಕಾರ್ಡಿಗಿಂತ ಅರ್ಧ ಮನೆ ಕೆಳಗಿದ್ದವು. ತೊಂಬತ್ತರ ದಶಕದಿಂದಲೇ ವೇದಿಕೆಯಲ್ಲಿ ಅವರದು ಇದೇ ಪದ್ಧತಿ, ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಗಂಟಲಿಗೆ ಅನುಕೂಲವಾಗಲಿ ಅಂತ. ನಾವು ಸಾವಿರಾರು ಜನ ಗಂಟಲು ಹರಿಯುವಂತೆ ಜೊತೆಗೆ ಹಾಡಿದೆವು. ಯಾರಿಗೂ ಗೊತ್ತಾಗಲಿಲ್ಲ. ಜೆನೆಸಿಸ್ ತಂಡದ ಫಿಲ್ ಕಾಲಿನ್ಸ್ 2021-22ರ ಕೊನೆಯ ಪ್ರವಾಸದಲ್ಲಿ ಕುರ್ಚಿಯಲ್ಲಿ ಕೂತು ಹಾಡಿದರು. ಒಂದು ಕಾಲದಲ್ಲಿ ಅವರು ಕೂರುತ್ತಿದ್ದ ಡ್ರಮ್ಸ್ ಹಿಂದೆ ಮಗ ನಿಕ್ ಕೂತಿದ್ದ. ಅಪ್ಪನ ಕೈ ಮಾಡಬೇಕಿದ್ದನ್ನು ಮಗನ ಕೈ ಮಾಡುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನಡಾದ ರಶ್ ತಂಡ ಮಾಡಿದ ಕೆಲಸ. 2015ರ ಪ್ರವಾಸದಲ್ಲಿ ಹಾಡುಗಳನ್ನು ಹಿಂದುಮುಂದಾಗಿ ಜೋಡಿಸಿದರು. ಹೊಸ ಹಾಡುಗಳಿಂದ ಶುರು ಮಾಡಿ ವರ್ಷ ವರ್ಷ ಹಿಂದಕ್ಕೆ ಹೋಗುತ್ತಾ ಎಪ್ಪತ್ತರ ದಶಕದ ಮೊದಲ ಹಾಡುಗಳಿಗೆ ಬಂದು ಮುಗಿಸುವುದು. ಕೇಳುವವರಿಗೆ ಬಹಳ ಸೊಗಸು. ಹಾಡುವ ಗೆಡ್ಡಿ ಲೀ ಅವರ ಕಡೆಯಿಂದ ಯೋಚಿಸಿ ನೋಡಿ. ಅವರು ಚಿಕ್ಕ ವಯಸ್ಸಿನಲ್ಲಿ ಹಾಡಿದ್ದೇ ಅತಿ ಮೇಲಿನ ಸ್ವರಗಳಲ್ಲಿ. ಅಂದರೆ ಎರಡೂವರೆ ಗಂಟೆ ಹಾಡಿ ಗಂಟಲು ದಣಿದ ಮೇಲೆ ಅತಿ ಕಷ್ಟದ ಹಾಡುಗಳು ಎದುರಾಗುತ್ತವೆ. ಆಗಸ್ಟ್ 1ರಂದು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಆ ಪ್ರವಾಸದ ಕೊನೆಯ ಕಛೇರಿ ನಡೆದಾಗ ಅವರಿಗೆ ಅರವತ್ತೆರಡು ತುಂಬಿ ಮೂರು ದಿನ ಆಗಿತ್ತಷ್ಟೇ. ಡ್ರಮ್ಸ್ ನುಡಿಸುತ್ತಿದ್ದ ನೀಲ್ ಪರ್ಟ್ ಅವರಿಗೆ ಕೈಯ ಸ್ನಾಯುರಜ್ಜುಗಳ ನೋವು. ಆ ರಾತ್ರಿಯ ನಂತರ ಮೂವರೂ ಮತ್ತೆ ಒಟ್ಟಿಗೆ ನುಡಿಸಲಿಲ್ಲ. 2020ರ ಜನವರಿಯಲ್ಲಿ ಪರ್ಟ್ ತೀರಿಕೊಂಡರು. ಕೊನೆಯ ಹಾಡುಗಳಲ್ಲಿ ಗೆಡ್ಡಿ ದನಿ ಒಡೆಯುವುದು ಸ್ಪಷ್ಟವಾಗಿ ಕೇಳುತ್ತದೆ. ಒಡೆದಲ್ಲೆಲ್ಲ ನಾನು ಇನ್ನೂ ಹತ್ತಿರ ಹೋಗಿ ಕೇಳುತ್ತೇನೆ.

ಈ ಸಲ ಮೈಸೂರಿಗೆ ಹೋದಾಗ ಅತ್ತೆಗೆ ಇದನ್ನೆಲ್ಲ ಹೇಳಿದೆ. ಊಟ ಆಗಿತ್ತು. ಅವರು ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಕೇಳುತ್ತಾ ಕೂತರು.

"ನಮ್ಮಲ್ಲೂ ಸುಲಭ ಇಲ್ಲ ಕಣೋ," ಅಂದರು. "ಶ್ರುತಿ ಇಳಿಸಿದ ಮೊದಲ ವರ್ಷ ನಾನು ಎಲ್ಲೂ ಕಛೇರಿಗೆ ಒಪ್ಪಲಿಲ್ಲ. ನಿಂಗೆ ಗೊತ್ತಿರಲಿಲ್ಲ ಅಲ್ವಾ?"

ನಿಜವಾಗಿಯೂ ಗೊತ್ತಿರಲಿಲ್ಲ. ತಿರುಪು ತಿರುಗಿತು, ಪಾಠ ನಡೆಯಿತು ಅಂತ ಅಷ್ಟು ಸಲೀಸಾಗಿ ನೆನಪಿಟ್ಟುಕೊಂಡಿದ್ದೆ.

ಆಮೇಲೆ ಅವರು ಗಂಗೂಬಾಯಿ ಹಾನಗಲ್ ಅವರ ಮಾತೆತ್ತಿದರು. ಚಿಕ್ಕ ವಯಸ್ಸಿನ ಗಂಗೂಬಾಯಿ ರೆಕಾರ್ಡುಗಳಲ್ಲಿ ಇರುವುದು ತೆಳುವಾದ, ಮೇಲಿನ ಹೆಣ್ಣು ದನಿ. ಗಂಟಲಿನ ಚಿಕಿತ್ಸೆ ಆದ ಮೇಲೆ ಆ ದನಿ ಹೋಗಿ ಗಂಡಸರಂಥ ದಪ್ಪ ದನಿ ಬಂತು. ನಾವು ಗಂಗೂಬಾಯಿ ಅಂದ ತಕ್ಷಣ ಕೇಳಿಸಿಕೊಳ್ಳುವುದು ಈ ಎರಡನೆಯ ದನಿಯನ್ನೇ. "ಆ ಹಳೇ ದನಿಗಾಗಿ ಅವರು ಎಷ್ಟು ಅತ್ತಿರಬೇಕೋ," ಅಂದರು ಅತ್ತೆ. 2017ರಲ್ಲಿ ಎಸ್. ಜಾನಕಿ ಅವರು ಮೈಸೂರಿನಲ್ಲಿ ಕೊನೆಯ ಕಛೇರಿ ಕೊಟ್ಟಾಗ ಅತ್ತೆ ಹೋಗಿದ್ದರು. ಅವತ್ತು ಮನೆಗೆ ಬಂದವರು ಯಾರ ಜೊತೆಯೂ ಹೆಚ್ಚು ಮಾತಾಡಿರಲಿಲ್ಲ. ಸಿನಿಮಾ ಹಾಡು ಕೂಡ ರೆಕಾರ್ಡಿಗೆ ಅಂಟಿಕೊಂಡದ್ದೇ, ಹಾಗಾಗಿ ಸಿನಿಮಾ ಗಾಯಕರ ಕಷ್ಟವೂ ಗಿಲನ್ ಅವರ ಕಷ್ಟವೂ ಒಂದೇ ಅಂತ ನನಗೆ ಹೊಳೆದದ್ದು ಆಗ.

"ಆ ಹಾಡು ಹಾಕು, ಕೇಳೋಣ," ಅಂದರು.

1972ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ನೇರ ಧ್ವನಿಮುದ್ರಣ ಮಾಡಿದ್ದನ್ನು ಹಾಕಿದೆ. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ಏರಿಕೆ ಶುರುವಾದಾಗ ಬೆರಳು ನಿಂತಿತು. ಗಿಟಾರಿನ ಗದ್ದಲ ಬಂದಾಗ ಮುಖ ಸ್ವಲ್ಪ ಗಂಟಾಯಿತು, ಆದರೆ ಹೆಡ್‌ಫೋನ್ ತೆಗೆಯಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ ಶ್ರುತಿ ಪೆಟ್ಟಿಗೆ ತಂದರು. ತಿರುಪು ತಿರುಗಿಸಿ ತಿರುಗಿಸಿ ಒಂದು ಕಡೆ ನಿಲ್ಲಿಸಿದರು.

"ಆರು ಮನೆ," ಅಂದರು. "ಗಂಡಸು ಆರು ಮನೇಲಿ ಹಾಡ್ತಿದ್ದಾನಲ್ಲೋ. ಅದೂ ತಾರ ಸ್ಥಾಯಿ ದಾಟಿ. ನಂಗೇ ಯಾವತ್ತೂ ಆರಾಗಲಿಲ್ಲ. ಎಷ್ಟು ವಯಸ್ಸು ಆಗ?"

"ಇಪ್ಪತ್ತಾರು, ಇಪ್ಪತ್ತೇಳು."

"ಈಗ?"

"ಎಂಬತ್ತು."

"ಇದನ್ನ ಇನ್ನೂ ಹಾಡು ಅಂತ ಕೇಳ್ತಾರಾ ಜನ?"

"ಕೇಳ್ತಾರೆ ಅತ್ತೆ. ಅವರು ಹಾಡಲ್ಲ."

ಅತ್ತೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಪೆಟ್ಟಿಗೆ ಆರರಲ್ಲೇ ಮೊಳಗುತ್ತಿತ್ತು. ಆಮೇಲೆ ತಿರುಪನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ ಬಂದರು. ಐದೂವರೆ, ಐದು, ನಾಲ್ಕೂವರೆ. ಅಲ್ಲಿ ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು, ಆ ಮೊದಲ 'ಊ' ಎಳೆಯನ್ನು ತಮ್ಮ ಜಾಗದಲ್ಲಿ ಒಂದು ಸಲ ಹಾಡಿ ನೋಡಿದರು. ಎರಡನೆಯ ಸಲ ಹಾಡುವಾಗ ಅದಕ್ಕೊಂದು ಸಣ್ಣ ಗಮಕ ಬಂದಿತ್ತು.